ಕೊಂಡ ಬೆಲೆಗೆ ಬರಲಿ

ನನ್ನ ಗಂಡ ಪಂಚಾಕ್ಷರಿ ಭೂಮಾಪನ ಕಚೇರಿಯಲ್ಲಿ ಸರ್ವೆಯರ್. ಊರವರ ಹೊಲ, ಗದ್ದೆ, ಸೈಟುಗಳನ್ನೆಲ್ಲ ಅಂಗುಲ ತಪ್ಪದಂತೆ ಅಳೆದುಕೊಡುವ ಮನುಷ್ಯ. ಅಂಥವರು ಬೆಳಗ್ಗೆ ಎದ್ದು, ಮುಖವನ್ನೂ ತೊಳೆಯದೆ ಟೇಪು ಹಿಡಿದು ನಮ್ಮ ಮನೆಯ ಮುಂಬಾಗಿಲನ್ನು ಅಳೆಯುತ್ತಿದ್ದರು. ನಿನ್ನೆಗಿಂತ ಒಂದು ಬೆರಳು ಇಳಿದಿದ್ದರೆ "ಸ್ವಲ್ಪ ಇಳಿದಿದೆ, ಏರತ್ತೆ" ಎನ್ನುತ್ತಿದ್ದರು. ಆಮೇಲೆ ಹೊಸ್ತಿಲ ಮೇಲೆ ಗೋಣಿಚೀಲ ಹಾಸಿ, ಅಂಗೈ ಊರಿ, ಅಂಬೆಗಾಲಿಟ್ಟುಕೊಂಡು ಹಾಲು ತರಲು ಹೊರಗೆ ಹೋಗುತ್ತಿದ್ದರು. ಕೂದಲು ನೆರೆತ, ಮದುವೆಯಾದ ಮಗಳಿರುವ ಗಂಡಸು! ಬೀದಿಗೆ ಹೋಗಿ ಎದ್ದು ನಿಂತು ಮಂಡಿಯ ಮಣ್ಣು ಕೊಡವಿಕೊಂಡರೆ ಮತ್ತೆ ಸರ್ಕಾರಿ ನೌಕರರ ಗತ್ತು. ನೋಡಿ ನೋಡಿ ನನಗೆ ತಲೆ ಚಿಟ್ಟು ಹಿಡಿದಿತ್ತು.

ನಮ್ಮ ಸೀಮೆಯಲ್ಲಿ ಶೇರು ಕೊಂಡವರ ಮನೆಯ ಬಾಗಿಲು ಶೇರಿನ ಜೊತೆಗೇ ಏರುತ್ತದೆ, ಶೇರಿನ ಜೊತೆಗೇ ಇಳಿಯುತ್ತದೆ. ಮುಂಬಾಗಿಲು ಇಳಿದರೆ ಹಿಂಬಾಗಿಲೂ ಇಳಿದಂತೆ. ಗೋಡೆ ಒಡೆದು ಬೇರೆ ದಾರಿ ಮಾಡಿಕೊಂಡರೆ ಅದೂ ಸಂಜೆಯೊಳಗೆ ಅಷ್ಟಕ್ಕೇ ಕುಗ್ಗಿ ಕೂರುತ್ತದೆ. ಶೇರು ಮಾರಿದ ಕೂಡಲೇ ಬಾಗಿಲು ಮೊದಲಿದ್ದ ಎತ್ತರಕ್ಕೆ ಬಂದು ನಿಲ್ಲುತ್ತದೆ. ಆದರೆ ಮಾರುವ ಹೊತ್ತಿಗೆ ಅದರ ಮೇಲ್ಪಟ್ಟಿ ಎಲ್ಲಿತ್ತೋ ಅಲ್ಲೊಂದು ಕಪ್ಪು ಗೆರೆ ಉಳಿಯುತ್ತದೆ. ಲಾಭಕ್ಕೆ ಮಾರಿದರೆ ಗೆರೆ ಬಾಗಿಲ ಮೇಲಿನ ಗೋಡೆಯಲ್ಲಿ. ನಷ್ಟಕ್ಕೆ ಮಾರಿದರೆ ಎರಡು ಪಕ್ಕದ ಚೌಕಟ್ಟಿನಲ್ಲಿ, ಹೋಗಿಬರುವವರ ಕಣ್ಣಿಗೆ ಹೊಡೆಯುವ ಹಾಗೆ. ಬಡಗಿ ಕೀಸುಳಿ ಹಾಕಿದರೂ ಅದು ಹೋಗುವುದಿಲ್ಲ. ಹೊಸ ಬಾಗಿಲು ಮಾಡಿಸಿದರೆ ಹೊಸ ಮರದಲ್ಲೂ ಮೂಡುತ್ತದೆ.

ಬಾಗಿಲು ಸೊಂಟಕ್ಕಿಂತ ಕೆಳಗೆ ಬಂತೆಂದರೆ ಬುದ್ಧಿಯಿರುವವರು ಏನು ಮಾಡಬೇಕು ಹೇಳಿ. ಮಾರಿ, ಗೆರೆ ಬಿದ್ದರೆ ಬೀಳಲಿ ಎಂದು ನೆಟ್ಟಗೆ ನಡೆದಾಡಬೇಕು. ನಮ್ಮೂರಲ್ಲಿ ಹಾಗಿಲ್ಲ. ಮಾರದಿದ್ದರೆ ಗೆರೆಯಿಲ್ಲ, ಗೆರೆಯಿಲ್ಲದಿದ್ದರೆ ನಷ್ಟವೇ ಆಗಿಲ್ಲ, ಇದು ನಮ್ಮ ಗಂಡಸರ ಲೆಕ್ಕ. ವರ್ಷಗಟ್ಟಲೆ ತೆವಳುತ್ತಾರೆ. ತೆವಳಿ ತೆವಳಿ ಮಂಡಿ ಕಪ್ಪಾದವರಿಗಾಗಿ ದರ್ಜಿಗಳು ಹತ್ತಿ ತುಂಬಿದ ಮಂಡಿಪಟ್ಟಿ ಹೊಲಿದು ಮಾರುತ್ತಾರೆ. ನೆಂಟರು ಬರುವಾಗ ಬಾಳೆಹಣ್ಣಿನ ಜೊತೆಗೆ ಒಂದು ಗೋಣಿಚೀಲವನ್ನೂ ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾರೆ. ಅದೇ ಬಾಗಿಲು ಒಂದು ಗೇಣು ಏರಲಿ, ಆಗ ನೋಡಬೇಕು ಅವಸರವನ್ನು! ಓಡಿಹೋಗಿ ಮಾರಿ, ಮೇಲಿನ ಗೆರೆ ಹಾಕಿಸಿಕೊಂಡು, ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಸರ ಇಳಿಬಿಡುತ್ತಾರೆ. ಹೆಣ್ಣು ನೋಡಲು ಬಂದವರು ಜಾತಕ ಕೇಳುವುದಕ್ಕೆ ಮುಂಚೆ ಕತ್ತೆತ್ತಿ ಆ ಗೆರೆಗಳನ್ನು ನೋಡುತ್ತಾರೆ.

ನಮ್ಮವರಿಗೆ ಮೊದಲು ಈ ಹುಚ್ಚು ಇರಲಿಲ್ಲ. ಬ್ಯಾಂಕಿನವರು ಠೇವಣಿಯ ಬಡ್ಡಿ ಇಳಿಸಿದರು, ಬೇಳೆ ಎಣ್ಣೆಯ ಬೆಲೆ ಮೇಲೆ ಹೋಯಿತು. ಕೂಡಿಟ್ಟ ದುಡ್ಡು ಕೂತಲ್ಲೇ ಕರಗುತ್ತಿದೆ ಎಂದು ಬೀದಿಯವರೆಲ್ಲ ಒಬ್ಬರ ಹಿಂದೆ ಒಬ್ಬರು ಶೇರಿಗೆ ಬಿದ್ದರು. ಒಂದೊಂದೇ ಬಾಗಿಲು ಏರತೊಡಗಿತು. ಎದುರು ಮನೆಯ ರುದ್ರಾಣಿ ಒಂದು ದಿನ ಹೆಪ್ಪಿಗೆ ಮೊಸರು ಕೇಳಿಕೊಂಡು ಬಂದು, ನಮ್ಮ ಬಾಗಿಲಲ್ಲಿ ಬೇಕೆಂದೇ ತಲೆ ತಗ್ಗಿಸಿ, "ಅಯ್ಯೋ, ನಮ್ಮನೆ ಬಾಗ್ಲು ರೂಢಿ ಆಗ್ಬಿಟ್ಟಿದೆ ನೋಡಿ ದಾಕ್ಷಾಯಿಣಿ, ನಿಮ್ಮನೇಲಿ ಎಲ್ಲಿ ತಲೆ ತಗಲತ್ತೋ ಅಂತ ಭಯ" ಎಂದಳು. ಅವಳು ನಿಂತರೆ ನನ್ನ ಭುಜಕ್ಕೆ ಬರುತ್ತಾಳೆ. ನಾನು ಮೊಸರು ಕೊಟ್ಟು ಕಳಿಸಿದೆ. ನಮ್ಮವರು ಮಾತ್ರ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಮಾರನೆಯ ದಿನ ಹೋಗಿ ಸೂಜಿ ಕಂಪನಿಯ ಶೇರು ಕೊಂಡು ಬಂದರು. ಸೂಜಿ ಯಾವ ಕಾಲಕ್ಕೂ ಬೇಕು, ಒಳ್ಳೆಯ ಕಂಪನಿ. ಬಾಗಿಲು ಒಂದು ಗೇಣು ಏರಿತು. ಬಸ್ ನಿಲ್ದಾಣದ ಪಕ್ಕದ ತಗಡಿನ ಶೆಡ್ಡಿನಲ್ಲಿ ಶೇರು ಕೊಟ್ಟು ಕೊಳ್ಳುವ ಫಾಲಾಕ್ಷ, "ಇಟ್ಕೊಳ್ಳಿ ಸಾರ್, ಇನ್ನೂ ಹೋಗತ್ತೆ" ಎಂದ. ಇವರು ಕೇಳಬೇಕಲ್ಲ! ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋದರೆ ಎಂದು ಹೆದರಿ ಮಾರಿಬಿಟ್ಟರು. ಮೇಲಿನ ಗೆರೆ ಬಿತ್ತು. ರುದ್ರಾಣಿಯನ್ನು ಕಾಫಿಗೆ ಕರೆಸಿ ತೋರಿಸಿದ್ದೂ ಆಯಿತು. ಸೂಜಿ ಕಂಪನಿಯ ಶೇರನ್ನು ಮಾರದೆ ಇಟ್ಟುಕೊಂಡಿದ್ದ ಹಿಂದಿನ ಬೀದಿಯ ವಿಧವೆ ಗುರುಸಿದ್ದಮ್ಮನ ಬಾಗಿಲು ಈಗ ಸೂರಿಗೆ ಮುಟ್ಟಿದೆ, ಗುಬ್ಬಿಗಳು ನೆಟ್ಟಗೆ ಒಳಗೆ ಹಾರಿಬರುತ್ತವೆ. ಅಷ್ಟು ದೊಡ್ಡ ಬಾಗಿಲಿಗೆ ಪರದೆ ಸಿಗುವುದಿಲ್ಲ ಎನ್ನುವುದೊಂದೇ ಆಕೆಯ ಚಿಂತೆ.

ಒಂದು ಸಲ ಗೆದ್ದ ಮೇಲೆ ನಮ್ಮವರಿಗೆ ತಾವೇ ದೊಡ್ಡ ಜಾಣರೆಂದು ಅನ್ನಿಸಿಬಿಟ್ಟಿತು. ಆ ವರ್ಷ ಮಳೆ ಜಡಿಯುತ್ತಿತ್ತು. ಎಲ್ಲರ ಕೈಯಲ್ಲೂ ಕೊಡೆ ಕಂಡರು, ಕೊಡೆ ಕಂಪನಿಯ ಶೇರು ಕೊಂಡರು. ಕಂಡ ಕಂಡವರಿಗೂ ಕೊಳ್ಳಿ ಎಂದು ಹೇಳಿದರು. ಮಳೆ ಎಂದಾದರೂ ನಿಲ್ಲುತ್ತದೆ ಎಂಬುದು ಇಷ್ಟು ಓದಿದ ಮನುಷ್ಯನಿಗೆ ಹೊಳೆಯಲಿಲ್ಲ. ಮಳೆ ನಿಂತಿತು. ಬಾಗಿಲು ಹಣೆಗೆ ಬಂತು, ಎದೆಗೆ ಬಂತು. "ಈಗ ಇನ್ನಷ್ಟು ಕೊಂಡ್ರೆ ಕೊಂಡ ಬೆಲೆಯ ಸರಾಸರಿ ಇಳಿಯತ್ತೆ ಕಣೇ" ಎಂದು ಉಳಿದಿದ್ದ ಠೇವಣಿ ಮುರಿದು ಇನ್ನಷ್ಟು ಕೊಂಡರು. ಸರಾಸರಿ ಇಳಿಯಿತೋ ಇಲ್ಲವೋ, ಬಾಗಿಲಂತೂ ಮಂಡಿಗೆ ಇಳಿಯಿತು.

ಮದುವೆ ಮುಂಜಿಗಳಿಗೆ ಪಾತ್ರೆ ಬಾಡಿಗೆಗೆ ಕೊಡುವುದು ನನ್ನ ಕಸುಬು. ಊರಿನಲ್ಲೇ ದೊಡ್ಡ ಕೊಪ್ಪರಿಗೆ ನಮ್ಮ ಮನೆಯದು. ಈಗ ಅದು ನಡುಮನೆಯಲ್ಲಿ ಸೆರೆಯಾಗಿ ಕೂತಿತು. ಬಾಗಿಲಲ್ಲಿ ತೂರುವುದು ಸೌಟು, ಜಾಲರಿ, ತಟ್ಟೆಗಳು ಮಾತ್ರ. ಗಿರಾಕಿಗಳು ಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಳಗೆ ಇಣುಕಿ, "ಅಕ್ಕಾ, ಕೊಪ್ಪರಿಗೆ ಕಾಣ್ತಿದೆಯಲ್ಲ" ಎನ್ನುತ್ತಿದ್ದರು. ಕಾಣುತ್ತಿದೆ ಮಾರಾಯರೆ, ದರ್ಶನ ಮಾಡಿಕೊಂಡು ಹೋಗಿ ಎನ್ನುತ್ತಿದ್ದೆ. ಬಾಯಿ ತಮಾಷೆ ಮಾಡುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

ಇಷ್ಟನ್ನೂ ನುಂಗಿಕೊಂಡಿರುತ್ತಿದ್ದೆನೇನೋ. ಆದರೆ ನಮ್ಮ ಒಬ್ಬಳೇ ಮಗಳು ಶಾಂಭವಿ ಬಸುರಿಯಾದಳು. ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕು. ಏಳು ತುಂಬಿದ ಮೇಲೆ ಸೀಮಂತ ಮುಗಿಸಿ ಅಲ್ಲಿಂದ ಹಾಗೆಯೇ ಕರೆದುಕೊಂಡು ಹೋಗಿ ಎಂದು ಬೀಗರು ಹೇಳಿಕಳಿಸಿದರು. ನಾನು ಬಾಗಿಲನ್ನು ನೋಡಿದೆ. ನಾನು ತೆವಳಬಲ್ಲೆ, ನಮ್ಮವರು ತೆವಳಬಲ್ಲರು. ತುಂಬಿದ ಹೊಟ್ಟೆ ಹೊತ್ತ ಹುಡುಗಿ ತೆವಳುವುದು ಹೇಗೆ? ನೋವು ಶುರುವಾದ ದಿನ ಅವಳನ್ನು ಆಸ್ಪತ್ರೆಗೆ ಹೊರಗೆ ತರುವುದು ಹೇಗೆ?

"ರೀ, ಮಾರಿಬಿಡಿ" ಎಂದೆ.

"ಕೊಂಡ ಬೆಲೆಗೆ ಬರ್ಲಿ, ಅವತ್ತೇ ಮಾರ್ತೀನಿ."

"ನೀವು ಕೊಂಡ ಬೆಲೆ ಆ ಕಂಪನಿಗೆ ಗೊತ್ತಾ? ಪಂಚಾಕ್ಷರಿ ಇಷ್ಟಕ್ಕೆ ಕೊಂಡಿದಾರೆ, ಪಾಪ ಅಲ್ಲೀವರೆಗೆ ಏರೋಣ ಅಂತ ಅದು ಕಾಯ್ಕೊಂಡು ಕೂತಿದೆಯಾ?"

"ನಿಂಗೆ ಇದೆಲ್ಲ ಅರ್ಥ ಆಗಲ್ಲ. ಈ ಸಲ ಮುಂಗಾರು ಜೋರಂತೆ, ಪೇಪರಲ್ಲಿ ಬಂದಿದೆ."

ಪೇಪರಿನಲ್ಲಿ ಅದರ ಪಕ್ಕದಲ್ಲೇ ಕೊಡೆ ಕಂಪನಿಯ ಗೋದಾಮಿನಲ್ಲಿ ಮಾಲು ಕೊಳೆಯುತ್ತಿದೆ ಎಂದೂ ಬಂದಿತ್ತು. ಅದು ಇವರ ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬೆರಳಿಟ್ಟು ತೋರಿಸಿದೆ. ಕನ್ನಡಕ ಒರೆಸಿಕೊಂಡು, "ಇವರೆಲ್ಲ ಬರೀತಾರೆ ಬಿಡು" ಎಂದರು. ಮುಂಗಾರಿನ ಸುದ್ದಿಯನ್ನು ಬರೆದವರು ಯಾರು, ದೇವರೇ?

ಆಮೇಲೆ ಉಪಾಯಗಳು ಶುರುವಾದವು. ಮಗಳನ್ನು ಎದುರು ಮನೆಯಲ್ಲಿ ಇರಿಸೋಣವೇ ಎಂದರು. ಹೆಂಚು ತೆಗೆಸಿ, ತೊಟ್ಟಿಲಿಗೆ ಹಗ್ಗ ಕಟ್ಟಿ ಮಾಡಿನಿಂದ ಇಳಿಸೋಣ ಎಂದು ಒಂದು ನಕ್ಷೆಯನ್ನೇ ಬರೆದರು. ಹಿಂದಿನ ವರ್ಷ ಮೇಲಿನ ಬೀದಿಯ ಗೌಡರ ಹೆಣವನ್ನು ಹಾಗೇ ಹೆಂಚು ತೆಗೆದು ಹೊರಗೆ ತಂದಿದ್ದರು, ಅದು ಇವರಿಗೆ ನೆನಪಿತ್ತು. "ಹೆಣ ತೆಗೆದ ಹಾಗೆ ಬಸುರೀನ ಇಳಿಸ್ತೀರಾ? ಬಾಯಲ್ಲಿ ಬರೋ ಮಾತೇನ್ರೀ ಇದು?" ಎಂದು ನಾನು ಆ ನಕ್ಷೆಯನ್ನು ಒಲೆಗೆ ಹಾಕಿದೆ. ಅವರ ಮುಖ ಸಣ್ಣದಾಯಿತು. "ದಾಕ್ಷಾ, ನಾನು ಊರಿಗೆಲ್ಲ ಅಳೆದುಕೊಡೋನು. ನನ್ನ ಬಾಗ್ಲಲ್ಲೇ ಕೆಳಗಿನ ಗೆರೆ ಇದ್ರೆ ನನ್ನ ಟೇಪನ್ನ ಯಾರು ನಂಬ್ತಾರೆ?" ಎಂದರು. ಕ್ಷಣ ಹೊತ್ತು ಪಾಪ ಎನ್ನಿಸಿತು. ಮರುಕ್ಷಣವೇ, ದಿನಾ ಬೆಳಗ್ಗೆ ನೀವು ಅಂಬೆಗಾಲಲ್ಲಿ ಬರುವುದನ್ನು ಬೀದಿಯೆಲ್ಲ ನೋಡುತ್ತಿದೆಯಲ್ಲ, ಅದಕ್ಕೆ ನಾಚಿಕೆಯಿಲ್ಲವೇ ಎಂದು ಕೂಗಿದೆ.

ಫಾಲಾಕ್ಷನ ಶೆಡ್ಡಿಗೂ ಹೋದೆ. "ಅವ್ರೇ ಬಂದು ಸಹಿ ಹಾಕ್ಬೇಕಲ್ಲ ಅಕ್ಕಾ" ಎಂದ. ನೀನಾದರೂ ಬುದ್ಧಿ ಹೇಳಪ್ಪ ಎಂದರೆ ನಕ್ಕ. "ಕೊಳ್ಳಿ ಅಂದ್ರೆ ಕಮಿಷನ್ ಆಸೆಗೆ ಹೇಳ್ತಾನೆ ಅಂತಾರೆ, ಮಾರಿ ಅಂದ್ರೂ ಅದನ್ನೇ ಅಂತಾರೆ. ನಾನು ಬಾಯಿಗೆ ಅಡಿಕೆ ಹಾಕ್ಕೊಂಡು ಸುಮ್ನೆ ಇದ್ಬಿಡ್ತೀನಿ. ನಮ್ಮನೇಗೆ ಬಂದು ನೋಡಿ, ಬಾಗ್ಲು ಕಟ್ಟಿದಾಗ ಎಷ್ಟಿತ್ತೋ ಅಷ್ಟೇ ಇದೆ. ನಾನು ಒಂದು ಶೇರನ್ನೂ ಇಟ್ಕೊಂಡಿಲ್ಲ" ಎಂದ.

ಸೀಮಂತದ ದಿನ ಬಂತು, ಬಾಗಿಲು ಏರಲಿಲ್ಲ. ಅಳಿಯ ಮೃತ್ಯುಂಜಯನದು ಅರ್ಧ ದಿನದ ದಾರಿಯ ಊರು. ಅಲ್ಲಿ ಸೈಕಲ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾನೆ. ಸೀಮಂತವನ್ನು ಅವರ ಮನೆಯಲ್ಲಿ ಮಾಡದೆ ಮಠದ ಸಭಾಂಗಣದಲ್ಲಿ ಮಾಡಿದರು. ಮನೆ ಚಿಕ್ಕದು, ಜನ ಹಿಡಿಸುವುದಿಲ್ಲ ಎಂದರು. ನಾವು ನಮ್ಮ ಬಾಗಿಲ ಚಿಂತೆಯಲ್ಲಿ ಮುಳುಗಿದ್ದೆವು, ನಾನು ಹೆಚ್ಚು ಕೇಳಲಿಲ್ಲ. ಮನೆಗೆ ಬಂದು ಒಂದು ಲೋಟ ಕಾಫಿ ಕುಡಿದು ಹೋಗಿ ಎಂದು ಬೀಗಿತ್ತಿ ಒಂದು ಮಾತಿಗೂ ಕರೆಯಲಿಲ್ಲ. ಅದು ಮಾತ್ರ ಮನಸ್ಸಿನಲ್ಲಿ ಚುಚ್ಚಿತು. ಹಸಿರು ಸೀರೆ ಉಟ್ಟು, ಮೊಳಕೈವರೆಗೆ ಬಳೆ ತೊಟ್ಟ ಮಗಳನ್ನು ಬಾಡಿಗೆ ವ್ಯಾನಿನಲ್ಲಿ ಕೂರಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ನಮ್ಮವರು ಬಾಗಿಲಿನ ಮಾತು ಬಿಟ್ಟು ಮತ್ತೆಲ್ಲವನ್ನೂ ಮಾತಾಡಿದರು.

ನಮ್ಮ ಬೀದಿಗೆ ಬಂದು ಇಳಿದಾಗ ಸಂಜೆ. ರುದ್ರಾಣಿ ಮೊದಲ್ಗೊಂಡು ಬೀದಿಯ ಹೆಂಗಸರೆಲ್ಲ ಜಗಲಿಯ ಮೇಲೆ ಸೇರಿದ್ದರು. ಬಸುರಿಯನ್ನು ನೋಡಲು ಬಂದವರಂತೆ ನಿಂತಿದ್ದರೂ ಅವರ ಕಣ್ಣೆಲ್ಲ ನಮ್ಮ ಬಾಗಿಲ ಮೇಲಿತ್ತು. ಶಾಂಭವಿ ಬಾಗಿಲನ್ನು ನೋಡಿದಳು. ನಮ್ಮವರು ಗಂಟಲು ಸರಿಮಾಡಿಕೊಂಡರು.

"ಮಗಳೇ, ಎರಡೇ ದಿನ. ಎದುರುಗಡೆ ರುದ್ರಾಣಿಯಮ್ಮನ ಮನೇಲಿ ಇರು. ಸೋಮವಾರದ ಹೊತ್ತಿಗೆ ಕಂಪನಿಗೆ ದೊಡ್ಡ ಆರ್ಡರು ಬರತ್ತಂತೆ..."

"ಯಾಕಪ್ಪಾ?" ಎಂದಳು ಅವಳು.

ಹೆಗಲ ಚೀಲದಿಂದ ಒಂದು ಗೋಣಿಚೀಲ ತೆಗೆದಳು. ಮಡಿಸಿ, ಅಂಚು ಹೊಲಿದು, ಒಳಗೆ ಹಳೆಯ ಕಂಬಳಿ ತುಂಬಿದ್ದ ಚೀಲ. ಅದನ್ನು ಹೊಸ್ತಿಲ ಮೇಲೆ ಉದ್ದಕ್ಕೆ ಹಾಸಿದಳು. ಬಳೆಗಳನ್ನು ಮೊಳಕೈ ಮೇಲಕ್ಕೆ ಸರಿಸಿದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚೌಕಟ್ಟು ಹಿಡಿದು ಮೆಲ್ಲಗೆ ಕೂತು, ಎಡಮಗ್ಗುಲಿಗೆ ಒರಗಿದಳು. ಒಂದು ಕೈಯನ್ನು ಹೊಟ್ಟೆಯ ಕೆಳಗೆ ಆಸರೆ ಕೊಟ್ಟು, ಇನ್ನೊಂದು ಕೈಯಿಂದ ನೆಲವನ್ನು ಒತ್ತಿ ಒತ್ತಿ, ಮೊದಲು ತಲೆ, ಆಮೇಲೆ ಭುಜ, ಹೊಟ್ಟೆ ಬಂದಾಗ ಉಸಿರು ಬಿಗಿಹಿಡಿದು, ಒಳಗೆ ಜಾರಿಹೋದಳು. ಯಾರನ್ನೂ ಸಹಾಯಕ್ಕೆ ಕರೆಯಲಿಲ್ಲ. ಎಲ್ಲಿ ಕೈ ಇಡಬೇಕು, ಎಲ್ಲಿ ಉಸಿರು ಬಿಡಬೇಕು ಎಂಬುದೆಲ್ಲ ಅವಳಿಗೆ ತಿಳಿದಿತ್ತು. ಒಳಗಿನಿಂದ ಕೈ ಹೊರಗೆ ಚಾಚಿ ಚೀಲವನ್ನು ಎಳೆದುಕೊಂಡಳು. ಆಮೇಲೆ ಅವಳ ಮುಖ ಬಾಗಿಲ ಕೆಳಗೆ ಕಾಣಿಸಿತು.

"ಬನ್ನಿ ಅಮ್ಮ, ಯಾಕೆ ಎಲ್ಲ ಅಲ್ಲೇ ನಿಂತ್ರಿ?"

ನಮ್ಮವರು ನೆಲದಲ್ಲಿ ಕುಕ್ಕರಿಸಿದರು.

"ನೀನು... ಇದನ್ನೆಲ್ಲ ಎಲ್ಲಿ ಕಲ್ತೆ?"

"ಇನ್ನೆಲ್ಲಿ? ನಮ್ಮನೇಲಿ. ನೀವೇ ಹೇಳಿದ್ರಲ್ಲಪ್ಪ, ಕೊಡೆ ಕಂಪನಿ ತಗೊಳ್ಳಿ ಅಂತ. ಮಾವ ಓದಿದೋರು, ಅವ್ರು ಹೇಳಿದ್ಮೇಲೆ ಮುಗೀತು ಅಂತ ಇವರು ಅಂಗಡಿ ದುಡ್ಡೆಲ್ಲ ಹಾಕಿದ್ರು. ನಮ್ದು ಇದಕ್ಕಿಂತ ಇನ್ನೂ ಸ್ವಲ್ಪ ಕೆಳಗಿದೆ." ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದನ್ನೇ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಾನು ಬೀದಿಯಲ್ಲೇ ನಿಂತು ಅತ್ತೆ. ರುದ್ರಾಣಿ ನೋಡುತ್ತಿದ್ದಳು, ನೋಡಲಿ ಎಂದು ಅತ್ತೆ.

ನಮ್ಮವರು ಎದ್ದರು. ಮಂಡಿಯ ಮಣ್ಣನ್ನೂ ಕೊಡವಿಕೊಳ್ಳದೆ ಬಸ್ ನಿಲ್ದಾಣದ ಕಡೆಗೆ ನಡೆದರು. ನಾನು ಒಳಗೆ ತೆವಳಿಹೋಗಿ ಮಗಳಿಗೆ ಮಜ್ಜಿಗೆ ಕೊಟ್ಟೆ. ಅವಳು ಅರ್ಧ ಲೋಟ ಕುಡಿದಿರಬೇಕು, ಬಾಗಿಲು ಮರ ಸೀಳಿದ ಹಾಗೆ ಕಿರ್ರೆಂದು ಕೂಗಿ ಮೇಲಕ್ಕೆ ಎದ್ದಿತು. ಬೀದಿಯ ಬೆಳಕು ಕೊಪ್ಪರಿಗೆಯ ಮೇಲೆ ಬಿತ್ತು. ಚೌಕಟ್ಟಿನ ಎರಡೂ ಪಕ್ಕದಲ್ಲಿ, ಮಂಡಿಯ ಎತ್ತರಕ್ಕೆ, ಕಾದ ಕಬ್ಬಿಣದಿಂದ ಎಳೆದಂಥ ಗೆರೆ ಉಳಿಯಿತು.

ಇಷ್ಟಾದ ಮೇಲೆ ಮನುಷ್ಯ ಸುಧಾರಿಸಿದರು ಎಂದುಕೊಂಡರೆ ನಿಮ್ಮ ತಪ್ಪು. ಮಾರನೆಯ ದಿನವೇ ಎರಡು ದೊಡ್ಡ ಕ್ರೋಟನ್ ಕುಂಡ ತಂದು ಗೆರೆ ಮುಚ್ಚುವ ಹಾಗೆ ಇಟ್ಟರು. ಅವುಗಳ ಮಧ್ಯೆ ದಾರಿ ಕಿರಿದಾಗಿ ನಾನು ದಿನಕ್ಕೊಮ್ಮೆ ಎಡವಿದೆ. ಕೆಲವು ದಿನಗಳಲ್ಲಿ ಕೊಡೆ ಕಂಪನಿ ಎರಡು ಬೆರಳು ಏರಿತು. "ನೋಡಿದ್ಯಾ, ನೋಡಿದ್ಯಾ" ಎಂದು ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಕೂತರು. ಆಮೇಲೆ ಅದು ನಾಲ್ಕು ಬೆರಳು ಬಿತ್ತು. ಅದನ್ನು ಮಾತ್ರ ನನಗೆ ಹೇಳಲಿಲ್ಲ, ಫಾಲಾಕ್ಷ ಹೇಳಿದ.

ಅಳಿಯನಿಗೆ ಫೋನು ಮಾಡಿ, "ಮಾರಿಬಿಡಿ ಅಳಿಯಂದ್ರೆ" ಎಂದರು. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳಿಸಿತು. "ಕೊಂಡ ಬೆಲೆಗೆ ಬರ್ಲಿ ಮಾವ, ಅವತ್ತೇ ಮಾರ್ತೀನಿ."

ಫೋನಿಟ್ಟು ನಮ್ಮವರು ಕೆಂಡವಾದರು. "ಎಂಥ ದಡ್ಡ ಕಣೇ! ಕಂಪನಿಗೆ ಇವನು ಕೊಂಡ ಬೆಲೆ ಗೊತ್ತಾ? ಇವನಿಗೋಸ್ಕರ ಅದು ಕಾಯ್ಕೊಂಡು ಕೂತಿದೆಯಾ?" ಎಂದರು. ನಾನು ಅವರ ಮುಖವನ್ನೇ ನೋಡುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವರಿಗೂ ಏನೋ ನೆನಪಾಗಿರಬೇಕು, ಟೇಪು ತೆಗೆದುಕೊಂಡು ಕಚೇರಿಗೆ ಹೊರಟುಹೋದರು.

ಹೆರಿಗೆ ಸುಸೂತ್ರವಾಯಿತು. ಹೆಣ್ಣು ಮಗು. ನಾಮಕರಣಕ್ಕೆ ಮೃತ್ಯುಂಜಯ ಬಂದ. ಬಂದವನು ಬಾಗಿಲಲ್ಲಿ ನಿಂತು ಕುಂಡಗಳನ್ನು ನೋಡಿ, ನೋಡದವನಂತೆ ಮುಖ ತಿರುಗಿಸಿದ. ಊಟದೆಲೆ ಹಾಕುವ ಹೊತ್ತಿಗೆ ನಮ್ಮವರು ಎದ್ದು ಬಂದು, ಎರಡೂ ಕುಂಡಗಳನ್ನು ತಬ್ಬಿ ಎತ್ತಿ ಅಂಗಳಕ್ಕೆ ಇಟ್ಟರು. ಬಂದ ನೆಂಟರೆಲ್ಲರ ಎದುರಿಗೆ, ರುದ್ರಾಣಿಯ ಎದುರಿಗೂ, ಚೌಕಟ್ಟಿನ ಪಕ್ಕ ಕೂತು ಗೆರೆಯ ಮೇಲೆ ಬೆರಳಿಟ್ಟರು.

"ನೋಡಿ ಅಳಿಯಂದ್ರೆ, ಇದು ನಂದು."

ಮೃತ್ಯುಂಜಯ ಬಗ್ಗಿ ನೋಡಿದ. "ತುಂಬ ಸಂಕಟ ಆಯ್ತಾ ಮಾವ?" ಎಂದ, ಮೆಲ್ಲಗೆ.

"ಆಯ್ತು. ಈಗ್ಲೂ ಆಗತ್ತೆ" ಎಂದರು ನಮ್ಮವರು. "ಆದ್ರೆ ಸಂಕಟ ಪಡೋಕೆ ನೆಟ್ಟಗೆ ನಡ್ಕೊಂಡು ಹೊರಗೆ ಹೋಗ್ಬಹುದು." ಅವರನ್ನು ಕಟ್ಟಿಕೊಂಡಾಗಿನಿಂದ ಅಷ್ಟು ಸರಿಯಾದ ಮಾತನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಪಾಯಸವನ್ನು ಎರಡು ಸೌಟು ಹೆಚ್ಚಿಗೆ ಬಡಿಸಿದೆ.

ಅಳಿಯ ಊಟ ಮುಗಿಸಿ ಊರಿಗೆ ಹೋದ. ಬಾಣಂತನ ಮುಗಿಸಿ, ಮಗಳು ಮೊಮ್ಮಗಳನ್ನು ಬಿಡಲು ನಾವಿಬ್ಬರೂ ಹೋದೆವು. ಅವರ ಬೀದಿಯ ತಿರುವಿನಲ್ಲಿ ನನಗೆ ತಲೆ ಎತ್ತಲು ಧೈರ್ಯವಾಗಲಿಲ್ಲ. ನಮ್ಮವರೇ ಮೊದಲು ನೋಡಿದವರು. "ಮಾರಿದಾನೆ!" ಎಂದು ಕೂಗಿದರು. ಹೌದು, ಬಾಗಿಲು ಆಳೆತ್ತರಕ್ಕೆ ತೆರೆದಿತ್ತು. ಮಾವಿನ ತೋರಣ ಕಟ್ಟಿದ್ದರು. ಮೃತ್ಯುಂಜಯ ಹೊಸ್ತಿಲಲ್ಲಿ ನಿಂತಿದ್ದ. ಗೆರೆಗೆ ಅಡ್ಡ ಅವನು ಏನನ್ನೂ ಇಟ್ಟಿರಲಿಲ್ಲ.

ನಮ್ಮವರು ಏನು ಮಾಡಿದರು ಗೊತ್ತೇ? ಮಗುವಿನ ಸಾಮಾನಿನ ಬುಟ್ಟಿಯನ್ನು ನನ್ನ ಕೈಗೆ ತುರುಕಿ, ಜೇಬಿನಿಂದ ಟೇಪು ತೆಗೆದು, ನೆಲದಿಂದ ಆ ಗೆರೆಗೆ ಅಳೆದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, ಹಲ್ಲು ಕಿಸಿದು, "ನಮಗಿಂತ ಮೂರು ಬೆರಳು ಕೆಳಗೆ ಮಾರಿದಾನೆ ಕಣೇ. ನಾವೇ ವಾಸಿ" ಎಂದರು. ನನಗೆ ಬುಟ್ಟಿಯನ್ನು ಅವರ ತಲೆಯ ಮೇಲೆ ಹಾಕುವಷ್ಟು ಸಿಟ್ಟು ಬಂತು. ಬೈಯಲು ಬಾಯಿ ತೆರೆದೆ.

ಅಷ್ಟರಲ್ಲಿ ಶಾಂಭವಿ ಮಗುವನ್ನು ಎದೆಗೆ ಒತ್ತಿಕೊಂಡು ನಮ್ಮನ್ನು ದಾಟಿ ಬಾಗಿಲಿಗೆ ಹೋದಳು. ಅವಳ ತಲೆಯ ಮೇಲೆ ಇನ್ನೂ ಒಂದು ಗೇಣು ಜಾಗವಿತ್ತು. ಅವಳು ಹೊಸ್ತಿಲ ಮುಂದೆ ನಿಂತಳು. ಒಂದು ಕೈ ಬಿಡಿಸಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಚೌಕಟ್ಟು ಹಿಡಿದು ಮಂಡಿ ಮಡಚಿ, ಮಗುವಿನ ತಲೆಯನ್ನು ಅಂಗೈಯಿಂದ ಮುಚ್ಚಿ, ಉಸಿರು ಬಿಗಿಹಿಡಿದು, ಆ ದೊಡ್ಡ ಬಾಗಿಲಿನಲ್ಲಿ ಎಡಮಗ್ಗುಲಾಗಿ ಬಗ್ಗಿ ಒಳಗೆ ಹೋದಳು.

ನಮ್ಮವರು ಟೇಪು ಸುತ್ತುತ್ತಿದ್ದವರು ನಿಂತುಬಿಟ್ಟರು. ಟೇಪಿನ ತುದಿ ಅವರ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಅವರು ಅದನ್ನು ಎತ್ತಿಕೊಳ್ಳಲಿಲ್ಲ. ನಾನೂ ಬೈಯಲಿಲ್ಲ.